ನೆಟ್ಟಗೆ ನಿಂತ ಮುಳ್ಳುಗಳು

ಚಳ್ಳಕೆರೆ, ಗುರುವಾರ

ಮೊಳಕಾಲ್ಮೂರಿನ ಓಂಕಾರಮೂರ್ತಿಯವರಿಗೆ ಮೆಕ್ಯಾನಿಕ್ ಅಜ್ಮತ್‌ನ ಸಲಾಂ.

ನಿಮ್ಮ ಮಾವ ಜಂಬುಲಿಂಗಪ್ಪನವರ ಲಾರಿಗೆಂದು ನೀವು ಕೊಡಿಸಿದ ಡಿಜಿಟಲ್ ಡಿಸ್‌ಪ್ಲೇ ವಾಪಸ್ ಕಳಿಸುತ್ತಿದ್ದೇನೆ. ಬೇಸರ ಬೇಡ. ಎಂಜಿನ್ ಬಿಸಿಯಾದರೆ ಅದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತದೆ. ಬದಲಿಗೆ ಎಂಜಿನ್ ಬಿಸಿ, ಆಯಿಲ್, ಬ್ರೇಕಿನ ಗಾಳಿಗೆ ಒಂದೊಂದು ಮುಳ್ಳಿನ ಮೀಟರ್ ಕೂರಿಸಿದ್ದೇನೆ. ಎಲ್ಲ ಸರಿಯಿದ್ದಾಗ ಮೂರೂ ಮುಳ್ಳು ನೆಟ್ಟಗೆ ನಿಲ್ಲುವಂತೆ ಮೀಟರುಗಳನ್ನು ತಿರುಗಿಸಿಟ್ಟಿದ್ದೇನೆ.

"ನಮಾಜಿಗೆ ನಿಂತಂಗೈತೆ ಕಣಲೇ! ಒಂದು ಬಗ್ಗಿದ್ರೆ ಸಾಕು, ಗಾಡಿ ನಿಲ್ಲಿಸ್ತೀನಿ" ಎಂದು ನಿಮ್ಮ ಮಾವ ನೋಡಿ ನಕ್ಕರು.

ನಿಮ್ಮ ಮೆಸೇಜು ಬಂದಾಗಲೆಲ್ಲ "ಕನ್ನಡಕ ಮರೆತು ಬಂದೀನಿ, ನೀನೇ ಓದು" ಅನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಆ ಕನ್ನಡಕವನ್ನು ನಾನು ಕಂಡಿಲ್ಲ. ಇನ್ನುಮುಂದೆ ಫೋನ್ ಮಾಡಿ. ಕಾರಣ ಕೇಳಬೇಡಿ.

ಈ ಕಾಗದದ ಲಕೋಟೆ ಅಂಟಿಸದೆ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿಮ್ಮ ಮಾವನವರ ಹಳೇ ಮೆಕ್ಯಾನಿಕ್,
ಅಜ್ಮತ್