ಮೇಣದ ತುಂಡುಗಳನ್ನು ಸುಡಿಸಿದವರಿಗೆ

ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಹತ್ತೊಂಬತ್ತು ವರ್ಷ ನಡೆದ ಮೂತ್ರಕೋಶದ ಕ್ಯಾನ್ಸರಿನ ಅಧ್ಯಯನವನ್ನು ನೀವು ಮೂರೂವರೆ ಸಾಲಿನ ಆದೇಶದಲ್ಲಿ ಮುಗಿಸಿದಿರಿ. ಅಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆ ಅಧ್ಯಯನದ ಕೋಣೆಯನ್ನು ಖಾಲಿ ಮಾಡಿಸುವಾಗ ನಾನೂರ ಹನ್ನೆರಡು ರೋಗಿಗಳ ಗಡ್ಡೆಯ ತುಣುಕುಗಳನ್ನು ಹಳದಿ ಚೀಲಗಳಿಗೆ ತುಂಬಿಸಿ ಸುಡಲು ಕಳುಹಿಸಿದಿರಿ. ಒಂದೊಂದನ್ನೂ ಮೇಣದಲ್ಲಿ ಕೂರಿಸಿ, ಮೇಲೆ ಸಂಖ್ಯೆ ಬರೆದು, ಜೋಪಾನವಾಗಿ ಇಟ್ಟಿದ್ದರು. ಅವುಗಳಲ್ಲೊಂದು ನನ್ನ ಗಂಡನದು. ಅವರು ತೀರಿಕೊಂಡು ಏಳು ವರ್ಷವಾಯಿತು. ಅವರ ಮೈಯದು ಅಂತ ಈ ಭೂಮಿಯ ಮೇಲೆ ಉಳಿದಿದ್ದು ಅದೊಂದೇ.

ಆದೇಶದಲ್ಲಿ ಎರಡು ಕಾರಣ ಕೊಟ್ಟಿದ್ದೀರಿ: ‘ಸ್ಥಳಾಭಾವ’ ಮತ್ತು ‘ಉದ್ದೇಶಿತ ಫಲಿತಾಂಶ ಸಾಬೀತಾಗದಿರುವಿಕೆ’. ನಾನು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವಳು. ಇಂಥ ಗಟ್ಟಿ ಪದಗಳನ್ನು ಕಂಡರೆ ಬಿಡಿಸಿ ನೋಡುವ ಚಾಳಿ ಇನ್ನೂ ಹೋಗಿಲ್ಲ. ನಿಮ್ಮ ಎರಡನೆಯ ಕಾರಣವನ್ನು ಬಿಡಿಸಿದರೆ ಸಿಗುವುದು ಇಷ್ಟು: ಅಧ್ಯಯನ ನಡೆಸಿದ ಡಾಕ್ಟರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡರು, ಆದ್ದರಿಂದ ಅವರ ಕೋಣೆಗೆ ಬೀಗ ಹಾಕಿದೆವು. ಆ ತಪ್ಪಿನಿಂದ ಗಂಡನನ್ನು ಕಳೆದುಕೊಂಡವಳು ನಾನು. ಕೋಪ ಮಾಡಿಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ನನಗಿತ್ತು. ಅದನ್ನು ನಿಮಗೆ ಯಾವಾಗ ಬರೆದುಕೊಟ್ಟೆ?

ನನ್ನ ಗಂಡ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ದೊಡ್ಡ ತೊಟ್ಟಿಗಳಲ್ಲಿ ಬಣ್ಣ ಕಲಸಿ, ಹದ ನೋಡಿ, ಸಂಜೆ ಉಗುರ ಸಂದಿಯಲ್ಲಿ ನೀಲಿಯನ್ನೋ ಕೆಂಪನ್ನೋ ಹೊತ್ತುಕೊಂಡು ಮನೆಗೆ ಬರುತ್ತಿದ್ದರು. ಒಂದು ದಿನ ಬೆಳಿಗ್ಗೆ ಬಚ್ಚಲಿನಿಂದ ಹೊರಗೆ ಬಂದವರು ನಗುತ್ತಲೇ, “ಲೇ, ಇಷ್ಟು ವರ್ಷ ಹೊರಗಿದ್ದ ಕೆಂಪು ಈಗ ಒಳಗೂ ಸೇರ್ಕೊಂಡಿದೆ ಕಣೇ,” ಅಂದರು. ನಗು ತುಟಿಯ ಮೇಲಷ್ಟೇ ಇತ್ತು.

ಮೂರು ಕಡೆ ತೋರಿಸಿದೆವು. ಸೋಂಕು ಅಂದರು, ಕಲ್ಲು ಅಂದರು, ನೀರು ಜಾಸ್ತಿ ಕುಡೀರಿ ಅಂದರು. ನಾಲ್ಕನೆಯವರು ಈ ಡಾಕ್ಟರು. ಅವರು ಕೇಳಿದ ಮೊದಲ ಪ್ರಶ್ನೆಯೇ “ಏನು ಕೆಲಸ ಮಾಡ್ತೀರಿ?” ಅಂತ. ಉತ್ತರ ಕೇಳಿ ಪೆನ್ನು ಕೆಳಗಿಟ್ಟು ಇವರ ಉಗುರುಗಳನ್ನು ನೋಡಿದರು. ಬಟ್ಟೆಯ ಬಣ್ಣಗಳಿಂದಲೂ ಈ ಕ್ಯಾನ್ಸರ್ ಬರುತ್ತದಂತೆ. ವಾರದೊಳಗೆ ಪರೀಕ್ಷೆಯಾಯಿತು. ಗಡ್ಡೆ ಮೂತ್ರಕೋಶದ ಸ್ನಾಯುವಿನವರೆಗೂ ಇಳಿದಿತ್ತು. ಜೊತೆಗೆ ಒಳಪದರದಲ್ಲಿ ಅಲ್ಲಲ್ಲಿ ಕೆಂಪು ಮಚ್ಚೆಗಳಿದ್ದವು. ಆ ಮಚ್ಚೆಗಳ ಮಾತು ನೆನಪಿರಲಿ ಮಾನ್ಯರೇ, ನಿಮ್ಮ ಕಚೇರಿಗೆ ಅದು ಅರ್ಥವಾಗಲೇ ಇಲ್ಲ.

ಡಾಕ್ಟರು ಎರಡು ದಾರಿ ಹೇಳಿದರು. ಮೂತ್ರಕೋಶವನ್ನು ಪೂರ್ತಿ ತೆಗೆಯುವುದು; ಆಮೇಲೆ ಜೀವನಪೂರ್ತಿ ಹೊಟ್ಟೆಯ ಮೇಲೆ ಒಂದು ಚೀಲ. ಇಲ್ಲವೇ ಗಡ್ಡೆಯನ್ನಷ್ಟೇ ಕೆರೆದು ತೆಗೆದು, ಔಷಧಿ ಮತ್ತು ಕಿರಣಚಿಕಿತ್ಸೆ ಕೊಟ್ಟು, ಮೂರು ಮೂರು ತಿಂಗಳಿಗೆ ನಳಿಕೆ ಹಾಕಿ ಒಳಗೆ ನೋಡುತ್ತಾ ಕಾಯುವುದು. ಎರಡನೆಯದು ಅವರ ಅಧ್ಯಯನ.

ಇವರು ಕೇಳಿದರು, “ನಿಮ್ಮ ಅಣ್ಣನಿಗೆ ಬಂದಿದ್ರೆ ಏನ್ ಮಾಡ್ತಿದ್ರಿ ಸಾರ್?”

“ಉಳಿಸೋಕೇ ನೋಡ್ತಿದ್ದೆ. ಆದ್ರೆ ಗ್ಯಾರಂಟಿ ಕೊಡೋಕಾಗಲ್ಲ. ಗೊತ್ತಿಲ್ಲ ಅಂತಾನೇ ಈ ಅಧ್ಯಯನ ಮಾಡ್ತಿರೋದು.”

“ಹಾಗಾದ್ರೆ ಉಳಿಸಿ. ಬಣ್ಣದವನು ಕೊನೇವರೆಗೂ ನಿಂತ್ಕೊಂಡೇ ಹುಯ್ಯಲಿ,” ಅಂದರು ನನ್ನ ಗಂಡ. ನಾಚಿಕೆಯಿಂದ ನನಗೆ ಭೂಮಿಗಿಳಿದು ಹೋಗುವ ಹಾಗಾಯಿತು. ಡಾಕ್ಟರು ಮಾತ್ರ ಜೋರಾಗಿ ನಕ್ಕುಬಿಟ್ಟರು.

ಎರಡು ವರ್ಷ ನಾಲ್ಕು ತಿಂಗಳು ಚೆನ್ನಾಗಿದ್ದರು. ಸೈಕಲ್ ತುಳಿದರು, ಮಗಳ ಮದುವೆ ಮಾಡಿದರು, ಮೊಮ್ಮಗಳಿಗೆ ಹೆಸರು ಹುಡುಕುವ ನೆಪದಲ್ಲಿ ಬೀಗರ ಜೊತೆ ಜಗಳವನ್ನೂ ಆಡಿದರು. ಆಮೇಲೆ ಬೆನ್ನುಮೂಳೆಯಲ್ಲಿ ನೋವು ಶುರುವಾಯಿತು. ಅಷ್ಟರಲ್ಲಿ ಅದು ಮೂಳೆಗೆ ಹರಡಿಯಾಗಿತ್ತು. ಐದು ತಿಂಗಳಲ್ಲಿ ಹೋದರು.

ಅವರು ಹೋಗಿ ಎರಡು ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಡಾಕ್ಟರು ನಮ್ಮ ಮನೆಗೆ ಬಂದರು. ಒಬ್ಬರೇ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಅಮ್ಮಾ, ಒಂದು ವಿಷಯ ನಾನೇ ಬಂದು ಹೇಳ್ಬೇಕಿತ್ತು. ಆ ಕೆಂಪು ಮಚ್ಚೆ ಇದ್ದವರಲ್ಲಿ ಮೂತ್ರಕೋಶ ಉಳಿಸಬಾರದಿತ್ತು. ಅಂಥವರು ಮೂವತ್ತೊಂದು ಜನ. ಹತ್ತೊಂಬತ್ತು ಜನ ಹೋಗ್ಬಿಟ್ರು. ಮೊದಲೇ ತೆಗೆದಿದ್ರೆ ನಿಮ್ಮ ಯಜಮಾನ್ರು ಬಹುಶಃ ಇರ್ತಿದ್ರು. ಲೆಕ್ಕ ಹಾಕಿದಾಗಲೇ ನನಗೆ ಗೊತ್ತಾಗಿದ್ದು. ವೈದ್ಯರ ಪತ್ರಿಕೆಗೆ ಬರೆದಿದ್ದೀನಿ. ಅಲ್ಲಿ ಅಚ್ಚಾಗೋ ಮುಂಚೆ ನಿಮಗೆ ಹೇಳೋಣ ಅಂತ ಬಂದೆ.”

ನಾನು ಏನು ಮಾಡಿದೆ ಗೊತ್ತೇ? ಒಂದು ಲೋಟ ನೀರನ್ನೂ ಕೊಡಲಿಲ್ಲ. “ಹೇಳಾಯ್ತಲ್ಲ, ಹೊರಡಿ,” ಅಂದೆ. ಬಾಗಿಲು ಹಾಕಿಕೊಂಡು, ಅದಕ್ಕೇ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಅವರು ಮೆಟ್ಟಿಲಿಳಿದ ಸದ್ದು ಬಹಳ ಹೊತ್ತು ಕೇಳಲಿಲ್ಲ. ಆಚೆ ಅವರೂ ನಿಂತೇ ಇದ್ದರು ಅಂತ ಕಾಣುತ್ತದೆ.

ಹೀಗೆ ಅವರು ಹತ್ತೊಂಬತ್ತು ಮನೆಗಳಿಗೂ ಹೋಗಿದ್ದರು. ಒಂದು ಮನೆಯಲ್ಲಿ ಮಗ ಅಂಗಿಯ ಕಾಲರ್ ಹಿಡಿದನಂತೆ. ಇನ್ನೊಂದರಲ್ಲಿ ಮುದುಕಿಯೊಬ್ಬಳು ಡಾಕ್ಟರ ಕೈಹಿಡಿದುಕೊಂಡು ಅತ್ತಳಂತೆ. ಇದೆಲ್ಲ ನನಗೆ ತಿಳಿದದ್ದು ಆರು ತಿಂಗಳ ನಂತರ. ಅಷ್ಟು ದಿನ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿ, ಕೇಳಬೇಕಾದ ಒಂದೇ ಪ್ರಶ್ನೆ ಕೇಳಿಬರೋಣ ಅಂತ ನಾನೇ ಆಸ್ಪತ್ರೆಗೆ ಹೋದೆ. “ಹತ್ತೊಂಬತ್ತು ಜನ ಹೋದ್ರು ಅಂದ್ರಿ. ಉಳಿದ ಹನ್ನೆರಡು ಜನ ಯಾಕೆ ಹೋಗಲಿಲ್ಲ?”

ಡಾಕ್ಟರು ನನ್ನ ಮುಖವನ್ನೇ ನೋಡಿದರು. “ಅದೇ ಅಮ್ಮಾ, ಅದೇ! ಇಲ್ಲಿ ಯಾರೂ ಆ ಪ್ರಶ್ನೆ ಕೇಳ್ತಾ ಇಲ್ಲ.”

ನೆಲಮಾಳಿಗೆಯ ಆ ಕೋಣೆಗೆ ಕರೆದುಕೊಂಡು ಹೋದರು. ನೀವು ಒಮ್ಮೆಯೂ ಇಳಿದು ನೋಡದ ಕೋಣೆ, ಮಾನ್ಯರೇ. ಕಿಟಕಿಯಿಲ್ಲ, ಒಂದು ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಚಪ್ಪಟೆ ಖಾನೆಗಳ ಕಬ್ಬಿಣದ ಬೀರುಗಳು. ಒಂದು ಖಾನೆ ಎಳೆದು ನನ್ನ ಅಂಗೈ ಮೇಲೆ ಬೆರಳ ತುದಿಯಷ್ಟು ಮೇಣದ ತುಂಡೊಂದನ್ನು ಇಟ್ಟರು. ನಡುವೆ ಅಕ್ಕಿಕಾಳಿನಷ್ಟು ಬಿಳಿಚಿದ ಕಲೆ. “ಇದು ನಿಮ್ಮವರು,” ಅಂದರು. ಹನ್ನೆರಡು ಜನ ಬದುಕಿದ್ದು ಯಾಕೆ ಅನ್ನುವುದು ಆ ತುಂಡುಗಳಲ್ಲೇ ಇದೆ, ಒಂದೊಂದನ್ನೂ ತೆಳುವಾಗಿ ಹೆಚ್ಚಿ ಹೋಲಿಸಿ ನೋಡಬೇಕು, ಉತ್ತರ ಸಿಕ್ಕಿದರೆ ಮುಂದೆ ಬರುವವರಲ್ಲಿ ಯಾರದನ್ನು ತೆಗೆಯಬೇಕು, ಯಾರದನ್ನು ಉಳಿಸಬಹುದು ಅಂತ ಮೊದಲೇ ಹೇಳಬಹುದು ಅಂದರು. ಆವತ್ತು ನಾನು ಅವರನ್ನು ಕ್ಷಮಿಸಿದೆನೋ ಇಲ್ಲವೋ ತಿಳಿಯದು. ಮುಂದಿನ ಶನಿವಾರದಿಂದ ಅವರ ದಾಖಲೆಪುಸ್ತಕಗಳ ಅಕ್ಷರತಪ್ಪುಗಳನ್ನು ತಿದ್ದಿಕೊಡಲು ಹೋಗತೊಡಗಿದೆ. ನಾಲ್ಕು ವರ್ಷ ಹೋದೆ.

ಆ ಶನಿವಾರಗಳಲ್ಲೇ ಒಮ್ಮೆ ಕೇಳಿದೆ, ಇದೆಲ್ಲ ಶುರುವಾಗಿದ್ದು ಹೇಗೆ ಅಂತ. ಅವರು ಹರೆಯದಲ್ಲಿ ಒಬ್ಬ ಕ್ಷೌರಿಕನ ಮೂತ್ರಕೋಶ ತೆಗೆದಿದ್ದರಂತೆ. ಅಚ್ಚುಕಟ್ಟಾದ ಶಸ್ತ್ರಚಿಕಿತ್ಸೆ, ಹಿರಿಯರೆಲ್ಲ ಬೆನ್ನು ತಟ್ಟಿದ್ದರು. ವರ್ಷದ ನಂತರ ತಪಾಸಣೆಗೆ ಬಂದ ಆತ, “ಜೀವ ಉಳಿಸಿದ್ರಿ ಸ್ವಾಮಿ, ಇಲ್ಲ ಅನ್ನಲ್ಲ. ಆದ್ರೆ ಅಂಗಡಿ ಮುಚ್ಬಿಟ್ಟೆ. ಗಿರಾಕಿ ಮೇಲೆ ಬಗ್ಗಿದಾಗೆಲ್ಲ ಚೀಲ ಎಲ್ಲಿ ಸೋರುತ್ತೋ ಅಂತ ಕತ್ತಿ ಹಿಡಿದ ಕೈ ನಡುಗುತ್ತೆ,” ಅಂದನಂತೆ. ಶಸ್ತ್ರವೈದ್ಯನಿಗೆ ಕೈ ನಡುಗುವುದೆಂದರೆ ಏನೆಂದು ಬೇರೆ ಹೇಳಬೇಕೇ? ತೆಗೆಯದೆ ಉಳಿಸಲು ಸಾಧ್ಯವೇ ಅಂತ ಅವತ್ತಿನಿಂದ ಹುಡುಕತೊಡಗಿದರು. ನಾನೂರ ಹನ್ನೆರಡು ಜನರಲ್ಲಿ ಬಹುಪಾಲು ಜನರಿಗೆ ಸಾಧ್ಯ ಅಂತ ತೋರಿಸಿದರು. ಮೂವತ್ತೊಂದು ಜನರ ವಿಷಯದಲ್ಲಿ ಸೋತರು. ಸೋತದ್ದನ್ನು ಮುಚ್ಚಿಡಲಿಲ್ಲ.

ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು ಹೇಳಲೇ? ಆ ಮೂವತ್ತೊಂದನ್ನು ಉಳಿದವರ ಸರಾಸರಿಯಲ್ಲಿ ಕರಗಿಸಿಬಿಟ್ಟಿದ್ದರೆ ಅಧ್ಯಯನ ‘ಯಶಸ್ವಿ’ ಆಗುತ್ತಿತ್ತು. ನೀವು ಶಾಲು ಹೊದಿಸಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಿರಿ. ನೆಲಮಾಳಿಗೆಯ ಕೋಣೆಯಿಂದ ಮೇಲಿನ ಮಹಡಿಗೆ ಬಡ್ತಿ ಸಿಗುತ್ತಿತ್ತು, ಸ್ಥಳಕ್ಕೆ ಅಭಾವವೇ ಇರುತ್ತಿರಲಿಲ್ಲ.

ಆದೇಶ ಬಂದಾಗ ನಾನು ನಿಮ್ಮನ್ನು ಕಾಣಲು ಬಂದೆ. ಎರಡು ಗಂಟೆ ಕೂರಿಸಿ ಒಳಗೆ ಕರೆದಿರಿ. “ನೋಡಿಮ್ಮಾ, ತಪ್ಪಾಗಿದೆ ಅಂತ ಅವರೇ ಬರ್ಕೊಂಡಿದ್ದಾರೆ. ಸೋತ ಅಧ್ಯಯನ ಇಟ್ಕೊಂಡು ನಾವೇನ್ ಮಾಡೋಣ?” ಅಂದಿರಿ. ಸೋತ ಜಾಗದಲ್ಲೇ ಉತ್ತರ ಇದೆ ಅಂತ ಡಾಕ್ಟರು ಹೇಳ್ತಾರಲ್ಲ ಅಂದೆ. ಕನ್ನಡಕ ಒರೆಸುತ್ತಾ, “ನಿಮ್ಮ ಯಜಮಾನ್ರೇ ಹೋದ್ರಲ್ಲ ಅದರಿಂದ, ಇನ್ನೂ ಅವರ ಪರ ಮಾತಾಡ್ತೀರಲ್ಲ!” ಅಂದಿರಿ. ಅದಕ್ಕೆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನನ್ನ ಗಂಡ ಹೋದದ್ದು ಒಂದು ಪ್ರಾಮಾಣಿಕ ತಪ್ಪಿನಿಂದ. ಆ ಸಾವಿನಿಂದ ಇನ್ನೊಬ್ಬರು ಬದುಕುವ ದಾರಿಯಿತ್ತು. ಅದನ್ನು ಮುಚ್ಚಿದ್ದು ತಪ್ಪಿನಿಂದಲ್ಲ, ಸಹಿಯಿಂದ.

ಒಂದು ಸೋಮವಾರ ಬೆಳಿಗ್ಗೆ, ಆ ಕೋಣೆ ಗುಡಿಸುವ ಅಕ್ಕ ಫೋನು ಮಾಡಿದಳು: “ಬೇಗ ಬನ್ನಿ ಅಮ್ಮಾ, ಎಲ್ಲಾ ಹೊತ್ಕೊಂಡು ಹೋಗ್ತಾವ್ರೆ.” ನಾನು ತಲುಪುವಷ್ಟರಲ್ಲಿ ಖಾನೆಗಳು ನೆಲದ ಮೇಲೆ ಬೋರಲು ಬಿದ್ದಿದ್ದವು. ಡಾಕ್ಟರು ಶಸ್ತ್ರಚಿಕಿತ್ಸೆ ಮುಗಿಸಿ ತಲೆಯ ಟೋಪಿ ತೆಗೆಯದೆ ಓಡಿಬಂದಿದ್ದರು. ಮಂಡಿಯೂರಿ ಕೂತು ಒಂದೊಂದೇ ಖಾನೆಯನ್ನು ತಿರುಗಿಸಿ ನೋಡುತ್ತಿದ್ದರು. ಒಂದರ ಮೂಲೆಯಲ್ಲಿ ಮೇಣದ ಚೂರು ಅಂಟಿತ್ತು, ಸಂಖ್ಯೆ ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತರು.

“ಅಮ್ಮಾ, ನಿಮ್ಮವರನ್ನ ಎರಡನೇ ಸಲಾನೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ.”

ಏಳು ವರ್ಷದ ಹಿಂದೆ ಹೆಣದ ಮುಂದೆಯೂ ನಾನು ಅಷ್ಟು ಅತ್ತಿರಲಿಲ್ಲ. ಅವರು ಮಾತ್ರ ಅಳಲಿಲ್ಲ. ಆ ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟರು. ಈಗ ಒಂದು ಸಣ್ಣ ಆಸ್ಪತ್ರೆಯಲ್ಲಿ ಹರ್ನಿಯಾ, ಪಿತ್ತಕೋಶದ ಕಲ್ಲು ನೋಡಿಕೊಂಡಿದ್ದಾರೆ. ಮೊನ್ನೆ ಹೋಗಿದ್ದೆ. ಮೂತ್ರಕೋಶದ ಮಾತು ತೆಗೆದರೆ, “ಕಾಫಿ ಕುಡೀರಿ ಅಮ್ಮಾ,” ಅನ್ನುತ್ತಾರೆ.

ಸುಟ್ಟದ್ದನ್ನು ತಂದುಕೊಡಿ ಅಂತ ಕೇಳುವಷ್ಟು ಮೂರ್ಖಳಲ್ಲ ನಾನು. ಆದರೆ ಹತ್ತೊಂಬತ್ತು ದಾಖಲೆಪುಸ್ತಕಗಳು ನಿಮ್ಮ ಉಗ್ರಾಣದಲ್ಲಿ ಇನ್ನೂ ಇವೆ. ಇನ್ನೂರ ಅರವತ್ತು ಜನ ಬದುಕಿದ್ದಾರೆ. ಅವರಿಗೆ ತಪಾಸಣೆಯ ದಿನ ಹೇಳುವವರು ಯಾರೂ ಇಲ್ಲ. ಆ ಮಚ್ಚೆಯಿದ್ದೂ ಉಳಿದ ಹನ್ನೆರಡು ಜನರಲ್ಲಿ ಒಂಬತ್ತು ಜನ ಇವತ್ತಿಗೂ ಓಡಾಡುತ್ತಿದ್ದಾರೆ. ನಾನೇ ಮನೆಮನೆಗೆ ಹೋಗಿ ಮಾತಾಡಿಸಿ ಬಂದಿದ್ದೇನೆ. ಹೊಸದಾಗಿ ತುಣುಕು ಕೊಡಲು ಒಂಬತ್ತು ಜನರೂ ಒಪ್ಪಿದ್ದಾರೆ, ಕಾಗದದ ಮೇಲೆ ಸಹಿಯನ್ನೂ ಹಾಕಿದ್ದಾರೆ. ಅವರಲ್ಲೊಬ್ಬಳು ಶಾಲಾ ಬಸ್ಸಿನ ಚಾಲಕಿ. “ಬೇಗ ಕರೀರಿ ಅಕ್ಕಾ, ನಾವೂ ಕಲ್ಲುಬಂಡೆಗಳಲ್ಲ,” ಅಂದಳು.

ಉಗ್ರಾಣದ ಬೀಗ ತೆಗೆಸಿ. ಆ ಪುಸ್ತಕಗಳನ್ನು ಡಾಕ್ಟರಿಗೆ ಒಪ್ಪಿಸಿ, ಬೇರೆಯವರ ಕೈಲಿ ಅಲ್ಲ, ನೀವೇ ಹೋಗಿ. ಅವರು ಕೂರಿ ಅನ್ನಲಿಕ್ಕಿಲ್ಲ, ನೀರನ್ನೂ ಕೊಡಲಿಕ್ಕಿಲ್ಲ. ನಿಂತುಕೊಂಡೇ, ಮಾಡಿದ್ದನ್ನು ಹೇಳಿ ಬನ್ನಿ.

ಇಂತಿ,
ಸಿಟ್ಟೆಲ್ಲ ತೀರಿ ಬರೀ ದುಃಖ ಉಳಿದಿರುವ
ಒಬ್ಬ ಬಣ್ಣದ ಮೇಸ್ತ್ರಿಯ ಹೆಂಡತಿ