ಹಾಲಸ್ವಾಮಿ ಹತ್ತಿ ಮುಟ್ಟಿದ ದಿನ

ಆದೋನಿ, 13 ಜನವರಿ 1958

ಅಪ್ಪಾ,

ನಾನು ಗಿರಣಿಗೆ ಹೋಗಿದ್ದಾಗ ತಮ್ಮ ಹಾಲಸ್ವಾಮಿ ನಮ್ಮ ಹತ್ತಿ ಅಂಗಡಿಗೆ ಬಂದು, ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಹತ್ತಿಯನ್ನು ಮುಟ್ಟಿಯೇ ಪತ್ತೆ ಮಾಡಿದ. ನನಗೆ ಇದನ್ನು ಹೇಳಿದವನು ಹಮಾಲಿ ನರಸಣ್ಣ. ನಾನೂ ಮುಟ್ಟಿ ನೋಡಿದೆ, ನಿಜ.

ಬಳ್ಳಾರಿ ಡಾಕ್ಟರು ಅವನ ಮನಸ್ಸಿನ ಕಾಯಿಲೆಗೆ ಕೊಡುತ್ತಿದ್ದ ಸರ್ಪಗಂಧದ ಮಾತ್ರೆ ಬಿಡಿಸಿ ಹೊಸ ಮಾತ್ರೆ ಕೊಟ್ಟು ಆರು ವಾರವಾಯಿತು. ಯಾರಿಗೂ ಕಾಣದೆ ಅವನ ಕಿವಿಯಲ್ಲಿ ಬೈಯುತ್ತಿದ್ದವರು ಸುಮ್ಮನಾಗಿದ್ದಾರಂತೆ. ಹಗಲೆಲ್ಲ ಮಲಗುವುದೂ ತಪ್ಪಿದೆ. ಹತ್ತಿ ತಂದವರಿಗೆ ಅಂದನಂತೆ: "ಯಂಕಣ್ಣ ಮಾವ, ಹತ್ತಿಗೆ ಜಳಕ ಮಾಡಿಸೀರಿ, ತಲಿ ಒರಸಾಕ ಮರೆತೀರಲ್ಲ!" ಮೊದಲು ನಕ್ಕವರು ಯಂಕಣ್ಣನವರೇ.

"ಅವನ್ನ ಅಂಗಡಿಗೆ ತರಬ್ಯಾಡ, ಗಿರಾಕಿ ಹೆದರ್ತಾರ" ಎಂದಿದ್ದಿರಿ. ನೀವು ತೀರಿಹೋದ ಮೇಲೂ ಎರಡು ವರ್ಷ ನಾನು ಆ ಮಾತು ಮೀರಲಿಲ್ಲ. ಇವತ್ತು ಅವನೇ ನಡೆದು ಬಂದು ನಿಮ್ಮ ಗಾದಿಯ ಮೇಲೆ ಕೂತ.

ಬುಧವಾರ ಬಳ್ಳಾರಿಗೆ ಹೋಗಿ ಡಾಕ್ಟರಿಗೆ ತೋರಿಸುತ್ತೇವೆ. ಗುರುವಾರ ಬೆಳಗ್ಗೆ ಎಂಟಕ್ಕೆ ಅಂಗಡಿಯ ಬಾಗಿಲು ಹಾಲಸ್ವಾಮಿ ತೆರೆಯುತ್ತಾನೆ.