ಸರಪಳಿಯ ಆಚೆಗಿನ ಜಲಪಾತ

ಮಾರ್ಚ್ 4
ಈ ಸೀಸನ್ನಿನ ಮೊದಲ ಟ್ರಿಪ್. ಹನ್ನೆರಡು ಜನ. ಬಂದರಿನ ಮೆಟ್ಟಿಲ ಬಳಿ ಹತ್ತಿಸಿಕೊಂಡು ಹಳೇಪೇಟೆ ದಾಟಿದೆ. ಅಲ್ಲಿನ ಮನೆಗಳ ಹಿಂಬಾಗಿಲು ನೇರ ನದಿಗೇ ತೆರೆಯುತ್ತದೆ, ಎಲ್ಲರೂ ಫೋಟೋ ತೆಗೆದರು. ಉಪ್ಪುನೀರು ಮುಗಿದು ಸಿಹಿನೀರು ಶುರುವಾಗುವ ಕಡೆ ಇಂಜಿನ್ ನಿಧಾನ ಮಾಡಿದೆ. "ಬೆರಳದ್ದಿ ನೆಕ್ಕಿ ನೋಡಿ." ಇಪ್ಪತ್ತು ವರ್ಷದಿಂದ ಇದೇ ಮಾತು. ಇವತ್ತಿಗೂ ನಗುತ್ತಾರೆ.

ಆಮೇಲೆ ಕೊನೆಯ ತಿರುವು. ಅಲ್ಲಿ ಸರಪಳಿ! ಜಲಪಾತದ ಪಕ್ಕದ ಹೋಟೆಲಿನವರು ಈ ದಡದಿಂದ ಆ ದಡಕ್ಕೆ ಕಟ್ಟಿದ್ದಾರೆ. ನಡುವೆ ಬೋರ್ಡು — ಹೋಟೆಲ್ ಅತಿಥಿಗಳಿಗೆ ಮಾತ್ರ. ಜಲಪಾತದ ಸದ್ದು ಕೇಳುತ್ತಿತ್ತು, ಕಾಣುತ್ತಿರಲಿಲ್ಲ.

ಅಜ್ಜಿಯೊಬ್ಬರು ಕೇಳಿದರು, "ಇಷ್ಟೇನಾ ಮಗಳೇ?"

ಮುಖ ಎಲ್ಲಿಟ್ಟುಕೊಳ್ಳಲಿ…

ಮಾರ್ಚ್ 5
ಸರಪಳಿ ತೆಗೆಸಿ ಎಂದು ದೂರು ಕೊಡಲು ಬಂದರು ಕಚೇರಿಗೆ ಹೋದೆ. ಸಾಹೇಬರು ಫೈಲಿನಿಂದ ತಲೆಯೆತ್ತಲಿಲ್ಲ.

"ಈ ದ್ವೀಪದಲ್ಲಿ ನೋಡೋಕೆ ಬೇರೇನೂ ಇಲ್ವೇನಮ್ಮ? ಗುಹೆ ಇದೆ, ಬಿಳೀ ಮರಳಿನ ದಂಡೆ ಇದೆ. ಅಲ್ಲಿಗೆ ಕರ್ಕೊಂಡು ಹೋಗು."

"ಗುಹೇಲಿ ಮೇಲಿಂದ ನೀರು ಬೀಳುತ್ತಾ ಸಾರ್?"

ಆಗ ತಲೆಯೆತ್ತಿದರು. ಬಾಗಿಲು ತೋರಿಸಿದರು.

ಬೇರೆ ದೋಣಿಯವರೆಲ್ಲ ಆಗಲೇ ಗುಹೆಯ ಕಡೆ ತಿರುಗಿದ್ದಾರೆ. ತಿರುಗಲಿ. ನಾನು ತಿರುಗುವವಳಲ್ಲ.

ಮಾರ್ಚ್ 6, ಸಂಜೆ
ತಂಗಿ ಬಂದಿದ್ದಳು. ಅದೇ ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ ಅವಳಿಗೆ.

"ಅಕ್ಕ, ದಮ್ಮಯ್ಯ, ಸುಮ್ನಿರು. ಆ ದೋಣಿಯವಳು ನಿನಗೇನಾಗಬೇಕು ಅಂತ ಮ್ಯಾನೇಜರ್ ಕೇಳಿದ್ರು."

"ಏನಂದೆ?"

"ದೂರದ ಸಂಬಂಧ ಅಂದೆ."

"ನಡಿ ಆಚೆ."

ಹೋದಳು. ಅಮ್ಮ ಹೋದ ಮೇಲೆ ದಿನಾ ಅವಳ ತಲೆ ಬಾಚಿ ಸ್ಕೂಲಿಗೆ ಬಿಟ್ಟವಳು ನಾನು. ದೂರದ ಸಂಬಂಧವಂತೆ!

ಮಾರ್ಚ್ 15
ಬರೆಯಲು ಮನಸ್ಸಾಗಿರಲಿಲ್ಲ. ದಿನಾ ಸರಪಳಿಯವರೆಗೆ ಹೋಗಿ, ದೋಣಿ ನಿಲ್ಲಿಸಿ, ಐದು ನಿಮಿಷ ಹಾರನ್ ಹೊಡೆದು ಬಂದೆ. ನಿನ್ನೆ ನೋಟಿಸ್ ಬಂತು. ಇಂಜಿನ್ ದೋಣಿಯ ಲೈಸೆನ್ಸ್ ಒಂದು ತಿಂಗಳು ಅಮಾನತು. ಕಾರಣ — ಶಾಂತಿಭಂಗ.

ಮೂರು ಸಲ ಓದಿದೆ. ಇಂಜಿನ್ ದೋಣಿ… ಹುಟ್ಟು ಹಾಕುವ ದೋಣಿಗೆ ಇಲ್ಲಿ ಲೈಸೆನ್ಸೇ ಬೇಡವಲ್ಲ! ಅಪ್ಪನದೊಂದು ಶೆಡ್ಡಿನಲ್ಲಿ ಬೋರಲು ಬಿದ್ದಿದೆ.

ಮಾರ್ಚ್ 19, ಮಧ್ಯಾಹ್ನ
ಬಿರುಕು ಮುಚ್ಚಲು ಮೂರು ದಿನ ಹಿಡಿಯಿತು. ಇವತ್ತು ನಾಲ್ಕು ಜನ ಧೈರ್ಯ ಮಾಡಿ ಹತ್ತಿದರು. ಹುಟ್ಟು ಹಾಕಿ ತೋಳು ಬಿದ್ದುಹೋಗುವಂತಾಯಿತು. ಇಂಜಿನ್ ದೋಣಿಯಂತೆ ಇದಕ್ಕೆ ಚಾವಣಿ ಇಲ್ಲ. ತಿರುವಿನಲ್ಲಿ "ಎಲ್ಲರೂ ಮಲಗಿ!" ಎಂದೆ. ಮಲಗಿದರು. ಜೋರಾಗಿ ಒಮ್ಮೆ ಹುಟ್ಟು ಹಾಕಿ ನಾನೂ ಮಲಗಿದೆ. ಸರಪಳಿ ಮೂಗಿನಿಂದ ಒಂದು ಗೇಣು ಮೇಲೆ ಹಾದುಹೋಯಿತು.

ಎದ್ದು ಕೂತರೆ ಜಲಪಾತ. ಕಪ್ಪು ಬಂಡೆ, ಮೂರು ಕವಲು, ಮುಖದ ತುಂಬ ತುಂತುರು. ಯಾರೋ ಸೀಟಿ ಹೊಡೆದರು.

ಮ್ಯಾನೇಜರ್ ದಡದಲ್ಲಿ ಓಡಿ ಬಂದ. "ರೀ, ಇದು ಪ್ರೈವೇಟ್!"

"ನದಿ ಏನು ನಿಮ್ಮಪ್ಪನ ಮನೆ ಆಸ್ತೀನಾ?"

 ಹುಟ್ಟನ್ನು ಬಿಗಿಯಾಗಿ ಹಿಡಿದು ಅವನೆದುರೇ ಇನ್ನೊಂದು ಸುತ್ತು ಹೊಡೆದೆ.

ಮಾರ್ಚ್ 23
ಬೆಳಿಗ್ಗೆ ಮೆಟ್ಟಿಲ ಬಳಿ ಇನ್ನೂ ಆರು ಹುಟ್ಟಿನ ದೋಣಿ! ಗುಹೆಗೆ ಹೋಗುತ್ತಿದ್ದವರೇ. ಗಡ್ಡದ ದೋಣಿಯವನು ತಲೆ ಕೆರೆದುಕೊಂಡ. "ಗುಹೇಲಿ ಬರೀ ಬಾವಲಿ ವಾಸನೆ ಕಣಕ್ಕ."

ಏಳು ದೋಣಿ ಸಾಲಾಗಿ ಸರಪಳಿಯಡಿ ನುಸುಳಿದೆವು. ದಡದಲ್ಲಿ ಮ್ಯಾನೇಜರ್, ಪಕ್ಕದಲ್ಲಿ ಯೂನಿಫಾರ್ಮ್ ಹಾಕಿಕೊಂಡು ತಂಗಿ. "ವಾಪಸ್ ಹೋಗೋಕೆ ಹೇಳು" ಎಂದು ಅವಳಿಗೆ ಗದರಿದ. ಅವಳು ಎರಡು ಹೆಜ್ಜೆ ನೀರಿಗಿಳಿದು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು —

"ಅಕ್ಕಾ! ಬಲಗಡೆ ಬಂಡೆ ಇದೆ, ನೋಡ್ಕೊಂಡು!"

ಆ ಬಂಡೆ ಹುಟ್ಟಿದಾಗಿನಿಂದ ಗೊತ್ತು ನನಗೆ. ಆದರೂ "ಆಯ್ತಮ್ಮ" ಎಂದೆ.

ಮಾರ್ಚ್ 24
ತಂಗಿಯನ್ನು ರಿಸೆಪ್ಷನ್‌ನಿಂದ ಲಾಂಡ್ರಿಗೆ ಹಾಕಿದ್ದಾರೆ. "ಅಲ್ಲಿ ಸುಳ್ಳುನಗೆ ನಗಬೇಕಾಗಿಲ್ಲ ಬಿಡು" ಎಂದಳು. ರಾತ್ರಿ ಊಟಕ್ಕೆ ಉಳಿದಳು.

ಏಪ್ರಿಲ್ 9
ಏಳು ದೋಣಿಯ ಗಲಾಟೆ ಮುಟ್ಟಿ, ಬಂದರು ಕಚೇರಿ ಕಳಿಸಿದ ಸರ್ವೆಯವರು ಬಂದು ನದಿ ಅಳೆದು ಹೋಗಿದ್ದರು. ಇವತ್ತು ಆದೇಶ. ಜಲಪಾತದ ಬುಡದವರೆಗೆ ನೀರು ಎಲ್ಲರದು, ಸರಪಳಿ ತೆಗೆಯಬೇಕು. ದಡ ಮಾತ್ರ ಹೋಟೆಲಿನದು, ಅಲ್ಲಿ ಕಾಲಿಡುವಂತಿಲ್ಲ. ದಡದುದ್ದಕ್ಕೂ ಕಾವಲಿನವರನ್ನು ನಿಲ್ಲಿಸುತ್ತಾರಂತೆ.

ನಿಲ್ಲಿಸಲಿ.

ಏಪ್ರಿಲ್ 10, ಬೆಳಿಗ್ಗೆ 7
ಸರಪಳಿ ಇಲ್ಲ. ಕಣ್ಣಾರೆ ನೋಡಿ ಬಂದೆ. ದಡದಲ್ಲಿ ನಾಲ್ಕು ಜನ ಕಾವಲು, ಕೈಕಟ್ಟಿ ನಿಂತಿದ್ದಾರೆ. ಕಾಲಿಡಬಾರದು, ಅಷ್ಟೇ ತಾನೆ? ಜಲಪಾತದ ಬುಡಕ್ಕೇ ಹೋಗಿ ಲಂಗರು ಹಾಕುತ್ತೇನೆ. ಹತ್ತಿದವರೆಲ್ಲ ತೊಪ್ಪೆಯಾಗಿ ನೆನೆಯಲಿ, ಕೂಗಲಿ, ಹೋಟೆಲಿನ ಬಾಲ್ಕನಿಗೆ ಕೇಳಲಿ. ಮೆಟ್ಟಿಲ ತುಂಬ ಜನ ಸೇರಿದ್ದಾರೆ. ಏಳು ದೋಣಿಯೂ ಸಾಲದು. ಗಡ್ಡದವನು ಕರೆಯುತ್ತಿದ್ದಾನೆ, ಬರೆಯಲು ಬಿಡುತ್ತಿಲ್ಲ. ಮೊದಲ ದೋಣಿ ನನ್ನದೇ ಇರಬೇಕಂತೆ. ಅದನ್ನೇನು ಹೇಳಿಕೊಡಬೇಕೇ, ನನ್ನದೇ —